ಗುಡುಗಲೇಬೇಕಾದ ಬ್ಯಾಟರಿ ಬಸ್ಸು

ಹೊಸ ಎಲೆಕ್ಟ್ರಿಕ್ ಸಿಟಿ ಬಸ್ಸಿಗೆ ಹಸಿರು ಬಾವುಟ ತೋರಿಸಲು ಸಾರಿಗೆ ನಿಗಮದ ಅಧ್ಯಕ್ಷ ಕಲ್ಲನಗೌಡರು ಗರಿಗರಿ ಬಿಳಿ ಜುಬ್ಬಾ ತೊಟ್ಟು ಡಿಪೋಗೆ ಬಂದರು.

"ಏ, ಬಸ್ಸು ಚಾಲೂ ಮಾಡೋ!"

"ಚಾಲೂನ ಐತ್ರೀ ಸಾಹೇಬ್ರ. ಬ್ಯಾಟರಿ ಬಸ್ಸು, ಸದ್ದು ಮಾಡಂಗಿಲ್ರೀ," ಎಂದ ಡ್ರೈವರ್ ಮೌಲಾಲಿ.

"ನಾ ಬಾವುಟ ಬೀಸಿದಾಗ ಗುಡುಗಬೇಕು. ಇಲ್ಲಂದ್ರ ನಾಳೆಯಿಂದ ನೀ ಮನ್ಯಾಗ ಕುಂದ್ರು!"

ಮೌಲಾಲಿ ತಲೆಯಾಡಿಸಿ ಹೋದ. ಹಳೇ ಡೀಸೆಲ್ ಬಸ್ಸೊಂದನ್ನು ತಂದು ವೇದಿಕೆಯ ಪರದೆ ಹಿಂದೆ, ಹಿಂಭಾಗ ಪರದೆಯತ್ತ ಮಾಡಿ ನಿಲ್ಲಿಸಿದ.

"ಈ ಬಸ್ಸು ಚೂರೂ ಹೊಗಿ ಬಿಡಂಗಿಲ್ಲ!" ಎಂದು ಮೈಕಿನಲ್ಲಿ ಕೂಗಿ ಗೌಡರು ಬಾವುಟ ಬೀಸಿದರು. ಮೌಲಾಲಿ ಹಳೇ ಬಸ್ಸಿನ ಆಕ್ಸಿಲರೇಟರ್ ತುಳಿದ. ಪರದೆ ನಡುಗುವಂಥ ಗುಡುಗು! ಗೌಡರು ಬೆಚ್ಚಿಬಿದ್ದು ಹಿಂದೆ ತಿರುಗಿದರು. ಕರಿಹೊಗೆ ಪರದೆ ಹಾರಿಸಿಕೊಂಡು ಬುಸ್ಸೆಂದು ಮುಖಕ್ಕೇ ಬಡಿಯಿತು.

ಹೊಗೆ ಸರಿದಾಗ ಜುಬ್ಬಾ ಕಪ್ಪು, ಮೀಸೆ ಕಪ್ಪು, ಮುಖವೂ ಕಪ್ಪು. ತೆರೆದ ಬಾಯಲ್ಲಿ ಹಲ್ಲಷ್ಟೇ ಬಿಳಿ.

"ಏ... ಏನೋ ಇದು?"

"ನೀವು ಕೇಳಿದ ಸದ್ದು ರೀ ಸಾಹೇಬ್ರ. ಹೊಗಿ ಬಿಟ್ಟು ಅದೊಂದ ಬರಂಗಿಲ್ರೀ."