ಬಾವಿಯ ಬಾಯಲ್ಲಿ ಆಡಿದ ಮಾತು

"ಅಯ್ಯನವರೇ, ಸುಳ್ಳು ಬಿಟ್ಟೆ. ಬೈಗುಳ ಬಿಟ್ಟೆ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವುದನ್ನೂ ಬಿಟ್ಟೆ. ಆದರೂ ಈ ನಾಲಿಗೆಯ ಭಯ ಹೋಗಿಲ್ಲ. ಇನ್ನೇನು ಬಿಡಬೇಕು?"

ಕೇಳಿದವನು ಜಯಶೀಲ, ಕ್ರೈಸ್ತ ಸಭೆಯ ಬೋಧಕನಾಗಲು ಕಲಿಯುತ್ತಿದ್ದವನು. ಬರುವ ಭಾನುವಾರ ಅವನು ಮೊದಲ ಸಲ ಸಭೆಯ ಮುಂದೆ ನಿಂತು ಪ್ರಸಂಗ ಮಾಡಬೇಕಿತ್ತು. ಆಡುವಂತೆ ಬಾಳುತ್ತಿದ್ದೇನೆಯೇ ಎಂಬ ಯೋಚನೆ ಹೊಕ್ಕು ಮೂರು ದಿನದಿಂದ ಊಟ ರುಚಿಸಿರಲಿಲ್ಲ. ಆ ಮಧ್ಯಾಹ್ನ ತಡೆಯಲಾರದೆ ಗುರುಗಳ ಮನೆಗೆ ಓಡಿ ಬಂದಿದ್ದ. ಬರುವಾಗ ಗೇಟಿನ ಬಳಿ ಲೇಯಮ್ಮ ಅವನನ್ನು ನಿಲ್ಲಿಸಿ, ಹಾಸಿಗೆ ಹಿಡಿದ ತನ್ನ ಗಂಡನ ಪಕ್ಕ ಒಂದು ಗಳಿಗೆ ಕೂರಲು ಆಗುತ್ತದೆಯೇ ಎಂದು ಕೇಳಿದ್ದಳು. ಅವಳಿಗೆ ಎರಡು ಸಮಾಧಾನದ ಮಾತು ಹೇಳಿ ಒಳಗೆ ಬಂದಿದ್ದ.

ಇಮ್ಮಾನುವೇಲ ಅಯ್ಯನವರು ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟದ್ದನ್ನು ಕಂಡವರಿಲ್ಲ. "ಕೂತ್ಕೋ" ಎಂದರು. ಅವನು ಕುರ್ಚಿಯ ಅಂಚಿನಲ್ಲಿ ಕೂತ. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ದೇವರಿಗೆ ಹೆದರಿ ನಡೆಯುವವನು. ತಕ್ಕಡಿಯಲ್ಲಿ ಮೋಸವಿಲ್ಲ, ಮಾತಿನಲ್ಲಿ ಸುಳ್ಳಿಲ್ಲ. ಅವನು ಒಂದು ಮಾತು ಹೇಳಿದನೆಂದರೆ ಊರಿನವರು ಎರಡನೆಯವರನ್ನು ಕೇಳಲು ಹೋಗುತ್ತಿರಲಿಲ್ಲ. ಅವನಲ್ಲಿ ಒಂದು ದೋಷವಿತ್ತು, ಅದನ್ನು ದೋಷವೆಂದು ಯಾರೂ ಎಣಿಸಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಹೇಗಿದ್ದೀರಿ ಎಂದು ಬಾಯ್ತುಂಬ ಕೇಳುತ್ತಿದ್ದ. ಉತ್ತರ ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ. ನಿನ್ನಂಥವರಿಗೂ ನನ್ನಂಥವರಿಗೂ ಇದು ಇದ್ದದ್ದೇ.

ಅದೇ ಊರಿನಲ್ಲಿ ಬಾವಿ ತೋಡುವವನೊಬ್ಬನಿದ್ದ. ಊರಾಚೆ ಒಂದು ಬಾವಿ ತೋಡುತ್ತಿದ್ದ. ಮೇಲೆ ನಿಂತು ಮಣ್ಣು ಸೇದುತ್ತಿದ್ದ ಜೊತೆಗಾರ ಆ ದಿನ ಮೈ ಬಿಸಿಯಾಗಿದೆಯೆಂದು ಮನೆಗೆ ಹೋಗಿದ್ದ. ಇವನು ಬಿದಿರಿನ ಏಣಿ ಇಟ್ಟುಕೊಂಡು ಒಬ್ಬನೇ ಇಳಿದ. ಗುದ್ದಲಿಯ ಮೂರನೆಯ ಏಟಿಗೆ ನೀರಿನ ಸೆಲೆ ಒಡೆಯಿತು. ಸಂತೋಷದಿಂದ ಏಣಿ ಹತ್ತಲು ಹೋದ. ಏಣಿ ನಡುವೆ ಮುರಿಯಿತು. ನೀರು ಮೊಣಕಾಲಿಗೆ ಬಂತು.

ಅದೇ ಹೊತ್ತಿಗೆ ವ್ಯಾಪಾರಿ ಪ್ರಾರ್ಥನೆ ಕೂಟಕ್ಕೆ ಆ ದಾರಿಯಲ್ಲಿ ಹೊರಟಿದ್ದ. ತಡವಾಗಿತ್ತು. ಆದರೂ ಬಾವಿಯೊಳಗೆ ಬಗ್ಗಿ ನೋಡಿ, "ಹೇಗಿದ್ದೀಯಪ್ಪಾ?" ಎಂದ.

"ಅಣ್ಣೋರೇ, ನೀರು ಬಂತು! ಏಣಿ ಮುರೀತು, ಒಂದು ಹಗ್ಗ..."

ನೀರು ಬಂತು ಎಂಬುದನ್ನು ಕೇಳಿಸಿಕೊಂಡೇ ವ್ಯಾಪಾರಿ ತಿರುಗಿದ್ದ. "ದೇವರಿಗೆ ಸ್ತೋತ್ರ! ಒಳ್ಳೇದಾಯ್ತಪ್ಪಾ. ಬರ್ತೀನಿ" ಎಂದು ಹೊರಟುಹೋದ.

ಬಾವಿಯೊಳಗಿದ್ದವನಿಗೆ ಆ ಕೊನೆಯ ಮಾತು ಸಾಕಾಯಿತು. ಅಣ್ಣೋರು ಹಗ್ಗ ತರಲು ಹೋದರು, ಬರುತ್ತಾರೆ ಎಂದು ಗೋಡೆಗೆ ಒರಗಿ ನಿಂತ.

ಸ್ವಲ್ಪ ಹೊತ್ತಿಗೆ ಸುಣ್ಣ ಮಾರುವವನೊಬ್ಬ ಕತ್ತೆಯ ಮೇಲೆ ಹೇರು ಹಾಕಿಕೊಂಡು ಆ ದಾರಿಯಲ್ಲೇ ಬಂದ. ಅವನ ಬಾಯಿ ಊರಿಗೆಲ್ಲ ಗೊತ್ತಿತ್ತು. ದೇವಾಲಯದ ಮೆಟ್ಟಿಲನ್ನು ಅವನು ಹತ್ತಿದ್ದಿಲ್ಲ. ಹತ್ತಿದ್ದರೆ ಒಳಗಿದ್ದವರು ಕಿವಿ ಮುಚ್ಚಿಕೊಳ್ಳಬೇಕಿತ್ತು. ಅವನೂ ಬಗ್ಗಿ ನೋಡಿದ.

"ಯಾವನಯ್ಯಾ ಅವನು? ಸಾಯೋಕೆ ಇದೇ ಗುಂಡಿ ಸಿಕ್ತಾ ನಿಂಗೆ? ತಡಿ, ಹೇರು ಇಳಿಸಿ ಹಗ್ಗ ಬಿಚ್ತೀನಿ."

ನೀರು ತೊಡೆಯವರೆಗೆ ಬಂದಿತ್ತು. ಹೇರು ಇಳಿಸುವುದು ಸುಲಭದ ಕೆಲಸವಲ್ಲ. ಆಮೇಲೆ ಒಂದು ವಾರ ಇವನ ಬೈಗುಳ ಬೇರೆ ಕೇಳಬೇಕು. "ಬೇಡ, ನೀನು ಹೋಗು. ಅಂಗಡಿ ಅಣ್ಣೋರು ಬರ್ತೀನಿ ಅಂದವ್ರೆ" ಎಂದ ಬಾವಿಯವನು.

"ಅವರು ಅಂದವ್ರೆ ಅಂದ್ಮೇಲೆ ಮುಗೀತು ಬಿಡು" ಎಂದು ಸುಣ್ಣದವನು ಕತ್ತೆ ಹೊಡೆದುಕೊಂಡು ಹೋದ.

ಜಯಶೀಲಾ, ಇಲ್ಲಿ ಸ್ವಲ್ಪ ನಿಂತು ನೋಡು. ವ್ಯಾಪಾರಿ ಸುಳ್ಳುಗಾರನಾಗಿದ್ದರೆ ಬಾವಿಯವನು ಈ ಹೊತ್ತಿಗೆ ಮೇಲಿರುತ್ತಿದ್ದ.

ನೀರು ಸೊಂಟಕ್ಕೆ ಬಂತು. ಮೇಲೆ ಒಣಗಿದ ಎಲೆ ಸರಿದರೂ ಅಣ್ಣೋರು ಬಂದರು ಎಂದುಕೊಂಡ. ಯಾರೂ ಬರಲಿಲ್ಲ. ಗೋಡೆಯ ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಬೀಳತೊಡಗಿತು. ನೀರು ಎದೆಗೆ ಬಂತು. ಆಗ ಕೂಗಿದ. ಕೇಳುವವರು ದಾಟಿ ಹೋಗಿ ಬಹಳ ಹೊತ್ತಾಗಿತ್ತು. ಅವನಿಗೆ ಈಜು ಬರುತ್ತಿರಲಿಲ್ಲ. ಅವನು ಬಾವಿಗೆ ಇಳಿಯುತ್ತಿದ್ದದ್ದೇ ನೀರಿಲ್ಲದಾಗ. ಅಣ್ಣೋರಿಗೆ ದಾರಿಯಲ್ಲಿ ಏನಾದರೂ ಆಯಿತೋ ಏನೋ ಎಂದು, ಆ ನೀರಿನಲ್ಲಿ ನಿಂತುಕೊಂಡೂ, ಅವರಿಗಾಗಿಯೇ ಹೆದರಿದ.

ಅತ್ತ ಸುಣ್ಣದವನು ಪ್ರಾರ್ಥನೆ ಕೂಟ ನಡೆಯುತ್ತಿದ್ದ ದೇವಾಲಯದ ಮುಂದೆ ಹಾಯುತ್ತಿದ್ದ. ಕಿಟಕಿ ತೆರೆದಿತ್ತು. ಒಳಗೆ ವ್ಯಾಪಾರಿ ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದ: ಇಂದು ಒಬ್ಬ ಬಡವನ ಬಾವಿಯಲ್ಲಿ ನೀರು ಬಂತು, ನನ್ನ ಕಣ್ಣಾರೆ ಕಂಡೆ, ಅದಕ್ಕಾಗಿ ಕೃತಜ್ಞತೆ ಸಲ್ಲಿಸೋಣ. ಸಭೆಯೆಲ್ಲ ಆಮೆನ್ ಎಂದಿತು.

ಸುಣ್ಣದವನು ಆಮೆನ್ ಎನ್ನಲಿಲ್ಲ. ಇವರು ಇಲ್ಲಿದ್ದರೆ ಅಲ್ಲಿ ಯಾರಿದ್ದಾರೆ ಎಂದುಕೊಂಡ. ಹೇರಿನ ಹಗ್ಗವನ್ನು ಕೊಯ್ದ. ಸುಣ್ಣದ ಚೀಲಗಳು ರಸ್ತೆಗೆ ಬಿದ್ದು ಒಡೆದವು. ಕತ್ತೆಯನ್ನು ತಿರುಗಿಸಿಕೊಂಡು ಓಡಿದ.

ಅವನು ಬಂದಾಗ ನೀರು ಗಲ್ಲ ಮುಟ್ಟಿತ್ತು. ಹಗ್ಗ ಇಳಿಬಿಟ್ಟು ಇನ್ನೊಂದು ತುದಿಯನ್ನು ಕತ್ತೆಗೆ ಕಟ್ಟಿ ಎಳೆಸಿದ. ಎಳೆಯುವಷ್ಟು ಹೊತ್ತೂ ಬಾವಿಯವನ ಏಳು ತಲೆಮಾರಿನವರನ್ನು ಒಬ್ಬರನ್ನೂ ಬಿಡದೆ ಬೈದ. ಅವನು ಮೇಲೆ ಬಂದು ಬಿದ್ದ ಮೇಲೆ ತನ್ನ ಕಂಬಳಿ ಹೊದಿಸಿ ಸುಮ್ಮನಾದ.

ಸಂಜೆ ಸುದ್ದಿ ತಿಳಿದು ವ್ಯಾಪಾರಿ ಬಾವಿಯವನ ಮನೆಗೆ ಓಡಿ ಬಂದ. ಒಳ್ಳೆಯವನೇ ಪಾಪ, ಆ ಓಟದಲ್ಲಿ ಕಪಟವಿರಲಿಲ್ಲ. "ನನಗೆ ಕೇಳಿಸಲಿಲ್ಲಪ್ಪಾ. ಬರ್ತೀನಿ ಅಂದದ್ದು... ಹೋಗುವಾಗ ಎಲ್ಲರೂ ಹಾಗೇ ಅಂತಾರಲ್ಲ!" ಎಂದ.

ಬಾವಿಯವನು ಕೋಪಿಸಿಕೊಳ್ಳಲಿಲ್ಲ. "ಬೇರೆ ಯಾರು ಅಂದಿದ್ರೂ ನಾನೂ ಹಾಗೇ ಅಂದ್ಕೊಳ್ತಿದ್ದೆ ಅಣ್ಣೋರೇ" ಎಂದ.

ಅಯ್ಯನವರು ಕತೆ ನಿಲ್ಲಿಸಿದರು. ಜಯಶೀಲನ ಹಣೆಯ ಮೇಲೆ ಬೆವರು ಮೂಡಿತ್ತು. ಕತೆಯಲ್ಲಿ ಎಲ್ಲೋ ತನ್ನ ಹೆಸರೂ ಇದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಎಲ್ಲಿ ಎಂದು ಹೊಳೆಯುತ್ತಿರಲಿಲ್ಲ.

"ಹಾಗಾದರೆ ಏನನ್ನಬೇಕು, ಅಯ್ಯನವರೇ? ಹೋಗ್ತೀನಿ ಅನ್ನೋಣವೇ? ಹಾಗಂದರೆ ಅಪಶಕುನ ಎಂದು ಮನೆಯ ಹಿರಿಯರು ಬೈಯುತ್ತಾರೆ. ಬರ್ತೀನಿ ಅನ್ನುವುದು ನಮ್ಮ ಭಾಷೆಯ ಮರ್ಯಾದೆ. ಅದನ್ನು ಭಾನುವಾರ ನಾನು ಸಭೆಗೆ ಹೇಗೆ ವಿವರಿಸಲಿ? ಎರಡು ಅಂಶ ಮಾಡಲೇ, ಮೂರು ಮಾಡಲೇ?"

ಸೆಕೆಯಾಗುತ್ತಿತ್ತು. ಅಯ್ಯನವರು ಎದ್ದು ಕಿಟಕಿ ತೆರೆದರು. ಹೊರಗೆ ನೋಡಿದರು. ನೋಡುತ್ತಲೇ ನಿಂತರು.

"ಲೇಯಮ್ಮ ಗೇಟಿನ ಹತ್ತಿರ ಬಿಸಿಲಲ್ಲಿ ಯಾರನ್ನೋ ಕಾಯ್ತಾ ನಿಂತಿದ್ದಾಳೆ, ಒಳಗೆ ಬರೋವಾಗ ಅವಳಿಗೆ ಏನಂತ ಹೇಳಿ ಬಂದೆ?"

"ಬರ್ತೀನಿ ಅಂದೆ" ಎಂದ ಜಯಶೀಲ. ಎದ್ದು ಗೇಟಿನ ಕಡೆ ಓಡಿದ.