ಕರೆದರೂ ಬಾರದ ಕೆಂಗೀರ

ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹೊಳೆಗಳು ಆಗಷ್ಟೇ ದಾರಿ ಹುಡುಕಿಕೊಳ್ಳುತ್ತಿದ್ದವು. ಗಾಳಿ, ನೀರು, ಮೀನು, ಮನುಷ್ಯರು ಎಲ್ಲರೂ ಒಬ್ಬರೊಡನೊಬ್ಬರು ಮಾತಾಡುತ್ತಿದ್ದರು.

ಆಗ ದೇವೀರಜ್ಜಿ ಅಂತ ಒಬ್ಬಳಿದ್ದಳು. ಹೊಸದಾಗಿ ಕಂಡದ್ದಕ್ಕೆಲ್ಲ ಹೆಸರಿಡುವುದು ಅವಳ ಕೆಲಸ. ಬಾಯಿಗೆ ಬಂದದ್ದನ್ನು ಇಡುತ್ತಿರಲಿಲ್ಲ. ಹತ್ತಿರ ಕೂತು, ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಅದರ ನೆಂಟರು ಯಾರು ಅಂತ ನೋಡಿ, ಆಮೇಲೆ ಹೆಸರು. ಹೆಸರಿದ್ದದ್ದನ್ನು ಜನ ಉಳಿಸಿಕೊಳ್ಳುತ್ತಿದ್ದರು. ಹೆಸರಿಲ್ಲದ್ದು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೊಳೆ ಏದುಸಿರು ಬಿಡುತ್ತಾ ಬಂತು. "ಅಜ್ಜೀ, ಊರಿನವರು ನನ್ನ ಮಡುವಿಗೆ ಮಣ್ಣು ತುಂಬಿ ಹೊಲ ಮಾಡ್ತಾರಂತೆ. ಅಲ್ಲಿ ಯಾರೂ ಇಲ್ವಲ್ಲ ಅಂತಾರೆ. ಇದ್ದಾರಜ್ಜೀ! ನೀನೇ ಬಂದು ನೋಡು."

ಅಜ್ಜಿ ಹೋಗಿ ಮಡುವಿಗೆ ಕಾಲು ಇಳಿಬಿಟ್ಟು ಕೂತಳು. ಬೆರಳುದ್ದದ ಮೀನುಗಳು ಬಂದವು. ಬೆಳ್ಳಗಿನ ಮೈ. ಬಾಯಿಂದ ಬಾಲದವರೆಗೆ ಕೆಂಡದಂಥ ಒಂದು ಗೀರು. ಬೇರಾವ ಹೊಳೆಯಲ್ಲೂ ಅವಳು ಇಂಥದ್ದನ್ನು ಕಂಡಿರಲಿಲ್ಲ. ಅವಕ್ಕೆ ಹೆದರಿಕೆಯೆಂದರೇನೆಂದೇ ಗೊತ್ತಿರಲಿಲ್ಲ. ಅವಳ ಕಾಲ್ಬೆರಳನ್ನು ಕಚ್ಚಿ ಕಚ್ಚಿ ಕಚಗುಳಿ ಇಟ್ಟವು.

"ಕೆಂಗೀರಾ," ಅಂದಳು ಅಜ್ಜಿ, ನಗುತ್ತಾ.

ಎಲ್ಲವೂ ಒಟ್ಟಿಗೆ ಅವಳತ್ತ ತಿರುಗಿದವು. ಅಂದಿನಿಂದ ಆ ಹೆಸರು ಕೇಳಿದರೆ ಸಾಕು, ಓಡಿ ಬರುತ್ತಿದ್ದವು.

ಊರಿನವರೂ ಬಂದು ನೋಡಿದರು. "ಅಯ್ಯೋ, ಇಷ್ಟು ಚೆಂದದವು ಇಲ್ಲಿದ್ದವಾ!" ಅಂತ ಮಣ್ಣಿನ ಬುಟ್ಟಿ ಕೆಳಗಿಟ್ಟರು. ಮಡು ಉಳಿಯಿತು. ಅಜ್ಜಿಯ ಎದೆ ಹಗುರಾಯಿತು.

ಆದರೆ ಗಾಳಿಯ ಬಾಯಿ ಸುಮ್ಮನಿರಬೇಕಲ್ಲ! ಆ ಹೆಸರನ್ನು ಊರೂರಿಗೂ ಹೊತ್ತು ತಿರುಗಿತು. ಆಚೆ ದಡದ ಚಿಕ್ಕೀರ ಅನ್ನುವವನು ಅಗಲ ಬಾಯಿಯ ಮಡಕೆ ತಂದ. "ಕೆಂಗೀರಾ" ಅಂದ. ಬಂದವು. ಮೊಗೆದುಕೊಂಡು ಹೋದ. ಮರುದಿನ ಅವನ ನೆಂಟರು ಬಂದರು. "ಕೆಂಗೀರಾ" ಅಂದರು. ಬಂದವು. ಮೊಗೆದುಕೊಂಡು ಹೋದರು.

ಮಡಕೆಯ ನೀರು ಹರಿಯುವುದಿಲ್ಲ. ಅದರಲ್ಲಿ ಕೆಂಡದ ಗೀರು ಬೂದಿಯಾಗುತ್ತಿತ್ತು, ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಆಗ ಜನ ಇನ್ನೊಂದಕ್ಕೆ ಬರುತ್ತಿದ್ದರು.

ಅಜ್ಜಿ ಮನೆಮನೆಗೆ ಹೋಗಿ ಬೇಡಿಕೊಂಡಳು. "ಬಿಟ್ಟುಬಿಡ್ರಪ್ಪಾ, ಅವಕ್ಕೆ ಹರಿಯೋ ನೀರು ಬೇಕು."

"ನಮಗೂ ಅದರ ಮೇಲೆ ಪ್ರೀತಿ ಕಣಜ್ಜಿ, ಅದಕ್ಕೇ ಮನೇಲಿ ಇಟ್ಕೊಂಡಿರೋದು," ಅಂದ ಚಿಕ್ಕೀರ. "ಹೆಸರಿಟ್ಟವಳು ನೀನೇ. ಕರೀಬೇಡಿ ಅಂದ್ರೆ ಹೆಂಗೆ?"

ಇಟ್ಟ ಹೆಸರನ್ನು ವಾಪಸ್ ತೆಗೆದುಕೊಳ್ಳೋಣವೆಂದರೆ ಅದು ಆಗಲೇ ತೊಟ್ಟಿಲ ಕೂಸಿನ ಬಾಯಲ್ಲೂ ಇತ್ತು.

ಅವಳು ಮಡುವಿಗೆ ಹೋದಳು. ಉಳಿದವು ಒಂದು ಬೊಗಸೆಯಷ್ಟು. ಆಗಲೂ ಅವು ನಂಬಿಕೆಯಿಂದ ಅವಳ ಕೈಗೆ ಬಂದವು. ಒಂದೊಂದರ ಬೆನ್ನಿಗೂ ಅಜ್ಜಿ ಹೊಳೆಯ ಕೆಸರು ಸವರಿದಳು, ಮೇಲಿಂದ ನೋಡಿದರೆ ಬರೀ ಕಲ್ಲು ಅನ್ನಿಸುವ ಹಾಗೆ.

"ಇನ್ನು ಮೇಲೆ ಯಾರು ಕರೆದರೂ ಬರಬೇಡಿ."

"ನೀನು ಕರೆದರೆ?" ಕೇಳಿತು ಒಂದು ಮರಿ.

"ನಾನು ಕರೆದರೂ."

ಅವು ಕಲ್ಲಿನಡಿ ಸೇರಿದವು. ಅವು ಮಾತು ಕೇಳುತ್ತವೋ ಇಲ್ಲವೋ ಅಂತ ಅಜ್ಜಿಗೆ ಧೈರ್ಯ ಸಾಲಲಿಲ್ಲ. ದಡದಲ್ಲಿ ಕೂತು, ಎಂದೂ ಕರೆಯದಷ್ಟು ಮೆತ್ತಗೆ ಕರೆದಳು, "ಕೆಂಗೀರಾ..."

ಯಾವುದೂ ಬರಲಿಲ್ಲ.

"ಜಾಣರು," ಅಂದಳು ಅಜ್ಜಿ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಳೆ ಅವಳ ಕಾಲು ತೊಳೆಯಿತು.

ಅದಕ್ಕೇ ಪುಟ್ಟಾ, ಇವತ್ತಿಗೂ ನೀನು ಹೊಳೆಗೆ ಬಗ್ಗಿ ಎಷ್ಟು ಅಕ್ಕರೆಯಿಂದ ಕರೆದರೂ, ಕೆಸರು ಬೆನ್ನಿನ ಆ ಮೀನು ಕೆಂಪು ಗೀರನ್ನು ಒಂದೇ ಒಂದು ಸಲ ಮಿಂಚಿಸಿ ಕಲ್ಲಿನಡಿ ಮರೆಯಾಗಿಬಿಡುತ್ತದೆ.