ಲ್ಯಾಪ್‌ಟಾಪಿಗೆ ಹೊಲಿಸಿದ ಖಣದ ಅಂಗಿ

"ಅಜ್ಜಾರ, ಗೊಣಗುವವರ ಬಾಯಿ ನಿಲ್ಲಿಸುವ ವ್ರತ ಯಾವುದಾದರೂ ಇದೆಯೇ?"

ಕೇಳಿದವನು ಚನ್ನವೀರ, ಮಠದ ಶಿಷ್ಯ. ಯಾರು ಗೊಣಗುತ್ತಾರೆ ಎಂದು ಮಠದ ಸ್ವಾಮಿಗಳಾದ ಅಜ್ಜಾರು ವಿಚಾರಿಸಿದರು.

"ನಮ್ಮ ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ನನಗಾಗಿ ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಅವಳು ನನಗೆ ದೇವರು. ದಿನಾ ಬೆಳಿಗ್ಗೆ ಅವಳ ಪಾದ ಮುಟ್ಟಿಯೇ ಹೊರಗೆ ಹೋಗುತ್ತೇನೆ. ಈಚೆಗೆ ಒಲೆಯ ಮುಂದೆ ನಿಂತು ಒಂದೇ ಸಮನೆ ಗೊಣಗುತ್ತಾಳೆ. ಕೇಳಲಾಗುವುದಿಲ್ಲ."

"ದೇವರನ್ನೇ ಒಲೆಯ ಮುಂದೆ ನಿಲ್ಲಿಸಿದ್ದೀಯಲ್ಲ, ಜಾಣ ಇದ್ದೀ," ಎಂದರು ಅಜ್ಜಾರು. "ಕೂಡು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಬ್ಬ ನೇಕಾರನಿದ್ದ. ಅವನ ಅಪ್ಪನಿಗೆ ಹಳೆಯ ಸೀರೆಯಂಚುಗಳೆಲ್ಲ ಬಾಯಿಪಾಠ. ಮುದುಕನ ಕಣ್ಣು ಮಂಜಾಗುತ್ತ ಬಂತು. ಪೂರ್ತಿ ಹೋಗುವುದರೊಳಗೆ ಅವನ್ನೆಲ್ಲ ಉಳಿಸಿಕೊಳ್ಳಬೇಕೆಂದು ನೇಕಾರ ಒಂದು ಲ್ಯಾಪ್‌ಟಾಪ್ ತಂದ. ಅಪ್ಪ ಎಳೆ ಎಳೆಯಾಗಿ ಹೇಳಿದ, ಮಗ ಅದರಲ್ಲಿ ಬಿಡಿಸಿದ. ಕೊನೆಯ ಅಂಚು ಮುಗಿಯುವ ಹೊತ್ತಿಗೆ ಮುದುಕನಿಗೆ ಹಗಲೂ ರಾತ್ರಿಯೂ ಒಂದೇ ಆಗಿತ್ತು. ಬರಬರುತ್ತ ನೆನಪೂ ಕಲಸಿಹೋಯಿತು. ಇದ್ದದ್ದೆಲ್ಲ ಆ ಪೆಟ್ಟಿಗೆಯಲ್ಲೇ ಉಳಿಯಿತು.

ನೇಕಾರನಿಗೆ ಅದು ಮನೆಗೆ ಬಂದ ಲಕ್ಷ್ಮಿ. ಮಗ್ಗದ ಮನೆಯಲ್ಲಿ ನೂಲಿನ ಧೂಳು ಹಾರುತ್ತಲೇ ಇರುತ್ತದೆ. ಧೂಳು ಕೂರಬಾರದೆಂದು ಖಣದ ಬಟ್ಟೆಯಲ್ಲಿ ಅದಕ್ಕೊಂದು ಅಂಗಿ ಹೊಲಿಸಿದ, ಒಳಗೆ ಅರಳೆ ತುಂಬಿಸಿ. ಕೆಲಸ ಮಾಡುವಾಗಲೂ ಅಂಗಿ ತೆಗೆಯುತ್ತಿರಲಿಲ್ಲ, ಮುಚ್ಚಳವನ್ನಷ್ಟೇ ತೆರೆಯುತ್ತಿದ್ದ. ಅಮಾವಾಸ್ಯೆ ಬಂದರೆ ಮಾತ್ರ ಅಂಗಿ ತೆಗೆದು, ಮಗ್ಗಕ್ಕೆ ಮಾಡಿದಂತೆ ಅದಕ್ಕೂ ಪೂಜೆ ಮಾಡುತ್ತಿದ್ದ. ಗಾಳಿಯಾಡುವ ಕಿಂಡಿಯ ಮೇಲೆಯೇ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದ. ಪುಣ್ಯಾತ್ಮನಿಗೆ ಬೇರೆ ಜಾಗವೇ ಸಿಗಲಿಲ್ಲ.

ವರ್ಷಗಳು ಕಳೆದವು. ಲ್ಯಾಪ್‌ಟಾಪಿಗೂ ವಯಸ್ಸಾಯಿತು. ಒಳಗಿನ ಫ್ಯಾನು ಗೊರಗೊರ ಅನ್ನತೊಡಗಿತು. ಹೆಂಡತಿ ಹೇಳಿ ನೋಡಿದಳು.

"ಮುಟ್ಟಿದ್ರ ಕೈ ಸುಡತೈತಿ. ಈ ಬ್ಯಾಸಿಗ್ಯಾಗ ನಿಮಗ ಕೌದಿ ಹೊಚ್ಚಿದ್ರ ಸುಮ್ನ ಇರ್ತೀರೇನು? ಆ ಅಂಗಿ ತಗೀರಿ. ಬಿಚ್ಚಿಸಿ ಒಳಗ ಸ್ವಚ್ಛ ಮಾಡಸ್ರಿ. ಮಾವನ ಅಂಚುಗಳನ್ನ ಇನ್ನೊಂದು ಕಡೆ ಇಳಿಸಿ ಇಡ್ರಿ."

"ಲಕ್ಷ್ಮೀನ ಯಾರರ ಬಿಚ್ಚತಾರೇನು? ಇಷ್ಟು ಚಂದ ನೋಡಿಕೊಂಡ್ರೂ ಗೊರಗೊರ ಅಂತೈತಿ ಅಂದ್ರ ಯಾರದೋ ದೃಷ್ಟಿ ತಾಗೈತಿ," ಎಂದ ನೇಕಾರ.

ಆ ಅಮಾವಾಸ್ಯೆಗೆ ನಿಂಬೆಹಣ್ಣು ನಿವಾಳಿಸಿ ಎಸೆದ. ಈ ಸಪ್ಪಳ ನಿಲ್ಲಲಿ ಎಂದು ಬೇಡಿಕೊಂಡ.

ಮರುದಿನ ಸಪ್ಪಳ ನಿಂತಿತು.

ಅವನಿಗಾದ ಸಂತೋಷ ಏನು ಹೇಳಲಿ. ಹೆಂಡತಿಯನ್ನು ಕರೆದು, ಕೇಳು ಎಂದ. ಅವಳಿಗೇನೂ ಕೇಳಿಸಲಿಲ್ಲ. ನಿಂತದ್ದು ಫ್ಯಾನು. ನೂಲಿನ ಧೂಳೂ ವಿಭೂತಿಯೂ ಗಟ್ಟಿಯಾಗಿ ಕೂತು ಅದರ ಉಸಿರು ಕಟ್ಟಿತ್ತು. ಮಧ್ಯಾಹ್ನವೆಲ್ಲ ಅದು ಸದ್ದಿಲ್ಲದೆ ಒಳಗೊಳಗೇ ಕಾಯಿತು. ಇವನು ಅದರ ಮುಂದೆಯೇ ಕುಳಿತು ನೆಮ್ಮದಿಯಿಂದ ಕೆಲಸ ಮಾಡಿದ. ಸಂಜೆ ಪರದೆ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ.

ಗಲಿಬಿಲಿ ಕೇಳಿ ಮುದುಕ ಗೋಡೆ ಹಿಡಿದುಕೊಂಡು ಬಂದ. ಅಂಗಿಯೊಳಗೆ ಕೈ ತೂರಿಸಿ, ಅಲ್ಲೇ ಇಟ್ಟುಕೊಂಡು ನಿಂತ.

"ಇದಕ್ಕ ಜ್ವರ ಬಂದಿತ್ತಲ್ಲೋ ತಮ್ಮಾ. ಯಾರೂ ಮುಟ್ಟಿ ನೋಡಲಿಲ್ಲೇನು?"

ಮಗ ದಿನಾ ಮುಟ್ಟುತ್ತಿದ್ದ. ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಮರುದಿನ ರಿಪೇರಿ ಅಂಗಡಿಯವನು ಬಿಚ್ಚಿ ನೋಡಿದ. ಒಳಗಿನ ಡಿಸ್ಕೂ ಸುಟ್ಟುಹೋಗಿತ್ತು. ಒಂದು ಅಂಚೂ ಮರಳಿ ಬರಲಿಲ್ಲ. ಮುದುಕ ಬದುಕಿರುವ ತನಕ ಆಗಾಗ, ನನ್ನ ಅಂಚು ಭದ್ರ ಅದಾವಿಲ್ಲೋ ಎಂದು ಕೇಳುತ್ತಿದ್ದ. ಮಗ ಹೂಂ ಅನ್ನುತ್ತಿದ್ದ.

ಅಜ್ಜಾರು ಕತೆ ನಿಲ್ಲಿಸಿ ಕಣ್ಣೊರೆಸಿಕೊಂಡರು. ಚನ್ನವೀರನಿಗೂ ಪಾಪ ಅನ್ನಿಸಿತು. ಆದರೂ ಬಂದ ಕೆಲಸ ಬಿಡಲಿಲ್ಲ.

"ಅಜ್ಜಾರ, ನಮ್ಮ ಅಕ್ಕನ ವಿಷಯ... ವ್ರತ ಯಾವುದು ಹೇಳಲಿಲ್ಲ."

"ಅವಳ ಗೊಣಗಾಟ ನಿಲ್ಲಲಿ ಎಂದು ಬೇಡಿಕೊಳ್ಳಬೇಡಪ್ಪ, ಒಂದು ದಿನ ಅದು ತಾನಾಗಿಯೇ ನಿಲ್ಲುತ್ತದೆ."